ಮೊದಲ ಪರದೆಯ ಮಾತು

ಕಪಿಲಾ ನದಿಯ ದಂಡೆಯಲ್ಲಿ ಒಂದು ಆಶ್ರಮ. ಆಶ್ರಮ ಅಂದರೆ ದೊಡ್ಡದೇನೂ ಅಲ್ಲ. ಹೆಂಚಿನ ಎರಡು ಕೋಣೆ, ಒಂದು ಜಗಲಿ, ಅಂಗಳದಲ್ಲಿ ಒಂದು ಹೊಂಗೆ ಮರ.

ಆ ಮರದ ಕೆಳಗೆ ಶಾಂತಮಲ್ಲಯ್ಯ ಗುರುಗಳು ನಲವತ್ತು ವರ್ಷ ದೊಡ್ಡವರಿಗೆ ಅಕ್ಷರ ಕಲಿಸಿದರು. ಮರದ ಹತ್ತಿರ ಬರಲಾಗದವರ ಬಳಿಗೆ ತಾವೇ ಹೋದರು. ಹೀಗೆ ಹನ್ನೆರಡು ಹಳ್ಳಿ ಕಾಲ್ನಡಿಗೆಯಲ್ಲಿ ಸುತ್ತಿದರು. ಈಗ ಮಂಡಿ ಹಿಡಿದುಕೊಂಡಿದೆ. ಜಗಲಿಯಿಂದ ಮರದವರೆಗೆ ಹೋಗುವುದೇ ಅವರಿಗೊಂದು ಯಾತ್ರೆ.

"ನಿಮ್ಮ ಕಾಲು ಹೋಗದ ಕಡೆ ಫೋನು ಹೋಗುತ್ತೆ ಗುರುಗಳೇ," ಅಂದವನು ಶಿಷ್ಯ ಇಂದುಧರ.

ಪೇಟೆಯಲ್ಲಿ ಓದಿ, ಮೂರು ವರ್ಷದಿಂದ ಆಶ್ರಮದಲ್ಲೇ ಇದ್ದವನು. ಅಕ್ಷರ ಗೊತ್ತಿದ್ದೂ ಓದಲು ಬಾರದವರಿಗಾಗಿ ಒಂದು ಆ್ಯಪ್ ಮಾಡಬೇಕೆಂಬುದು ಅವನ ಹಠ. ಅದರ ಯಂತ್ರದ ಕೆಲಸವನ್ನು ಪೇಟೆಯ ಗೆಳೆಯರು ಮಾಡಿಕೊಟ್ಟರು. ಪಾಠ ಗುರುಗಳದು. ಪಾಠಕ್ಕೆ ಮುಂಚೆ ಬರುವ ಮಾತು, ಅಂದರೆ ಬಂದವರನ್ನು ಒಳಗೆ ಕರೆಯುವ ಮಾತು, ಇಂದುಧರನ ಪಾಲಿಗೆ ಬಂತು.

ಎಡವಟ್ಟಾದದ್ದು ಅಲ್ಲೇ.

ಮೊದಲು ಪರೀಕ್ಷೆಗೆಂದು ನಲವತ್ತು ಹೆಂಗಸರ ಫೋನಿಗೆ ಆ್ಯಪ್ ಹಾಕಿಕೊಟ್ಟಿದ್ದ. ಮೂವತ್ತೊಂದು ಮಂದಿ ಮೊದಲ ಪರದೆಯನ್ನೇ ದಾಟಲಿಲ್ಲ. ತೆರೆದರು, ನೋಡಿದರು, ಮುಚ್ಚಿದರು. ಮತ್ತೆ ಅದರ ತಂಟೆಗೆ ಹೋಗಲಿಲ್ಲ.

ಅವರಲ್ಲಿ ದೇವೀರಮ್ಮ ಒಬ್ಬಳು. ದಿನಾ ಬೆಳಿಗ್ಗೆ ಆಶ್ರಮಕ್ಕೆ ಹಾಲು ತರುವವಳು, ಹೋದ ವರ್ಷದಿಂದ ಪಂಚಾಯ್ತಿ ಮೆಂಬರು. ಓದದೆ ಸಹಿ ಹಾಕಿದ ಒಂದು ಕಾಗದದಿಂದಾಗಿ ಅವಳ ಕೇರಿಗೆ ಬರಬೇಕಿದ್ದ ನಲ್ಲಿ ಪಕ್ಕದ ಕೇರಿಗೆ ಹೋಗಿತ್ತು. ಅವಳ ಕೇರಿಯ ಹೆಂಗಸರು ಈಗಲೂ ಹೊಳೆಯಿಂದ ಕೊಡ ಹೊರುತ್ತಾರೆ. ಅವಳ ಮನೆ ಮುಂದೆ ಬಂದಾಗ ಆಡುತ್ತಿದ್ದ ಮಾತು ನಿಲ್ಲಿಸುತ್ತಾರೆ.

ಇನ್ನೊಂದು ಕಾಗದಕ್ಕೆ ಓದದೆ ಸಹಿ ಹಾಕುವುದಿಲ್ಲ ಎಂದು ದೇವೀರಮ್ಮ ನಿಶ್ಚಯ ಮಾಡಿದ್ದಳು. ಆ್ಯಪ್ ಬೇಕೆಂದು ಎಲ್ಲರಿಗಿಂತ ಮೊದಲು ಕೇಳಿದವಳೂ ಅವಳೇ. ಎರಡೇ ದಿನಕ್ಕೆ ಫೋನು ತಂದು ಇಂದುಧರನ ಮುಂದಿಟ್ಟಳು.

"ಇದ ತಗದ್ಬುಡಪ್ಪ. ನನ್ ತಲೆಗೆ ಹತ್ತಲ್ಲ."

ಸೋಮವಾರ ಹನ್ನೆರಡು ಹಳ್ಳಿಗೂ ಆ್ಯಪ್ ಹೋಗಬೇಕಿತ್ತು. ಅಂದು ಬುಧವಾರ.

ಗುರುಗಳು ಜಗಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಇಂದುಧರ ಫೋನು ಹಿಡಿದು ಎದುರಿಗೆ ಕುಳಿತ.

"ಗುರುಗಳೇ, ಮೊದಲ ಪರದೆಯಲ್ಲಿ ಏನು ಬರೀಬೇಕು?"

"ಈಗ ಏನು ಬರೆದಿದ್ದೀಯ? ಓದು, ಕೇಳೋಣ."

ಇಂದುಧರ ಗಂಟಲು ಸರಿಮಾಡಿಕೊಂಡ. ಬರೆದದ್ದರ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆ ಇತ್ತು.

"ಸುಸ್ವಾಗತ! ಜ್ಞಾನದ ಅನಂತ ಸಾಗರದಲ್ಲಿ ವಿಹರಿಸಲು ಇಚ್ಛಿಸುವ ತಮ್ಮನ್ನು ಹೃತ್ಪೂರ್ವಕವಾಗಿ ಬರಮಾಡಿಕೊಳ್ಳುತ್ತಿದ್ದೇವೆ. ತಮ್ಮ ಕಲಿಕೆಯ ಪಯಣವನ್ನು ಪ್ರಾರಂಭಿಸುವ ಮುನ್ನ ಈ ಕೆಳಕಂಡ ಸೂಚನೆಗಳನ್ನು ಗಮನವಿಟ್ಟು ಓದಿಕೊಳ್ಳತಕ್ಕದ್ದು..."

ಗುರುಗಳು ಒಂದು ಕಾಯಿ ಬಿಡಿಸಿ, ಹುಳ ಕಂಡು, ಪಕ್ಕಕ್ಕೆ ಹಾಕಿದರು.

"ಚೆನ್ನಾಗಿದೆ," ಅಂದರು.

ಇಂದುಧರನ ಮುಖ ಅರಳಿತು.

"ಪಾಠ ಎಷ್ಟನೇ ಪರದೆಗೆ ಬರುತ್ತೆ?"

"ಆರನೇದಕ್ಕೆ. ಮಧ್ಯೆ ಸೂಚನೆಗಳು, ಆಶ್ರಮದ ಇತಿಹಾಸ, ನಿಮ್ಮ ಪರಿಚಯ..."

"ನನ್ನ ಪರಿಚಯಾನೂ ಇದೆಯಾ?"

"ಅರ್ಧ ಪುಟ ಇದೆ ಗುರುಗಳೇ."

"ಪಾಪ," ಅಂದರು ಗುರುಗಳು. ಪಾಪ ಅಂದದ್ದು ಯಾರಿಗೆ ಅಂತ ಇಂದುಧರನಿಗೆ ತಿಳಿಯಲಿಲ್ಲ.

"ಹಾಗಾದ್ರೆ ಏನು ಬರೀಲಿ?"

"ನಾಳೆ ನೋಡೋಣ. ಈಗ ಆ ಕಡೆಯಿಂದ ನೀನೂ ಸುಲಿ."

ಗುರುವಾರ ಬೆಳಿಗ್ಗೆ ಇಂದುಧರ ಸ್ನಾನ ಮುಗಿಸಿ ಅಡುಗೆ ಕೋಣೆಗೆ ಹೋದ. ಒಲೆ ತಣ್ಣಗಿತ್ತು. ಪಾತ್ರೆಗಳೆಲ್ಲ ತೊಳೆದು ಬೋರಲು ಹಾಕಿತ್ತು.

ಜಗಲಿಯಲ್ಲಿ ಗುರುಗಳು ಒಂದು ಹಾಳೆ ಹಿಡಿದು ಕಾಯುತ್ತಿದ್ದರು.

"ಇವತ್ತು ನನಗೆ ಮೌನ. ನಿನ್ನ ಊಟ ಎಲ್ಲಿದೆ ಅಂತ ಇದರಲ್ಲಿ ಬರೆದಿದ್ದೀನಿ. ಓದಿಕೊಂಡು ಉಣ್ಣು."

ಅಷ್ಟು ಹೇಳಿ ಬಾಯಿ ಮುಚ್ಚಿಕೊಂಡರು. ಹಾಳೆಯ ತುಂಬ ತಿಗಳಾರಿ ಲಿಪಿ.

ಆಶ್ರಮದಲ್ಲಿದ್ದ ಹಳೆಯ ಓಲೆಗರಿಗಳ ಲಿಪಿ ಅದು. ಹೋದ ಮಳೆಗಾಲದಲ್ಲಿ ಇಂದುಧರ ಅದರ ಅಕ್ಷರಗಳನ್ನು ಕಲಿತಿದ್ದ. ಅಕ್ಷರ ಗೊತ್ತಿತ್ತು, ಓದಿ ಅಭ್ಯಾಸವಿರಲಿಲ್ಲ. ಇರಲಿ, ಒಂದು ಹಾಳೆ ತಾನೇ ಎಂದುಕೊಂಡು ಗೋಡೆಗೆ ಒರಗಿ ಕುಳಿತ.

ಮೊದಲ ಅಕ್ಷರ ಸು. ಎರಡನೆಯದು ಒಂದರ ಕೆಳಗೊಂದು ಸಿಕ್ಕಿಕೊಂಡಿತ್ತು. ಎದ್ದು ಹೋಗಿ ಅಕ್ಷರಮಾಲೆಯ ಪಟ ತಂದ. ಸ್ವಾ. ಆಮೇಲೆ ಗ. ಆಮೇಲೆ ತ.

ಸುಸ್ವಾಗತ. ಬೆವರು ಒರೆಸಿಕೊಂಡ. ಒಳ್ಳೆ ಮರ್ಯಾದೆಯೇ ಸಿಕ್ಕಿತು, ಇನ್ನು ಊಟವೂ ಸಿಗುತ್ತದೆ ಅಂದುಕೊಂಡ.

ಎರಡನೆಯ ಸಾಲಿಗೆ ಬಿಸಿಲು ಅಂಗಳಕ್ಕೆ ಇಳಿಯಿತು. ಒಂದು ಅಕ್ಷರ ಹಿಡಿದರೆ ಹಿಂದಿನದು ಮರೆಯುತ್ತಿತ್ತು. ಹೊಟ್ಟೆ ಚುರುಗುಟ್ಟಿತು. ಜಾಣತನ ಮಾಡಿ ನೇರವಾಗಿ ಕೊನೆಯ ಸಾಲಿಗೆ ಹಾರಿದ. ಒದ್ದಾಡಿ ಒದ್ದಾಡಿ ಕೂಡಿಸಿಕೊಂಡ.

ಧನ್ಯವಾದಗಳು ಅಂತ ಇತ್ತು.

ಇಂದುಧರನಿಗೆ ರೇಗಿತು. ಹಾಳೆಯನ್ನು ನೆಲಕ್ಕೆ ಎಸೆದ.

"ನನ್ನ ತಲೆಗೆ ಹತ್ತಲ್ಲ ಇದು!"

ಅಂದವನು ತನ್ನ ಮಾತು ತಾನೇ ಕೇಳಿಸಿಕೊಂಡು ಸುಮ್ಮನಾದ. ಹಿಂದಿನ ದಿನ ಇದೇ ಜಗಲಿಯ ಮೇಲೆ ಇದೇ ಮಾತು ಕೇಳಿದ್ದ. ಆಗ ಅದನ್ನು ಸೋಮಾರಿತನ ಅಂದುಕೊಂಡಿದ್ದ. ನಾಚಿಕೆಯಾಯಿತು.

ಹಾಳೆ ಎತ್ತಿಕೊಂಡ. ಓದದೆ ಏಳುವುದಿಲ್ಲ ಎಂದು ಚಕ್ಕಳಮಕ್ಕಳ ಹಾಕಿ ಕುಳಿತ. ನೆರಳು ಹೊಂಗೆ ಮರದ ಬುಡಕ್ಕೆ ಬರುವ ಹೊತ್ತಿಗೆ ಒಂದೊಂದೇ ಪದ ಬಾಯಿ ಬಿಟ್ಟಿತು.

"ಸುಸ್ವಾಗತ. ಅನ್ನದ ಅನಂತ ಸಾಗರದಲ್ಲಿ ವಿಹರಿಸಲು ಇಚ್ಛಿಸುವ ತಮ್ಮನ್ನು ಹೃತ್ಪೂರ್ವಕವಾಗಿ ಬರಮಾಡಿಕೊಳ್ಳುತ್ತಿದ್ದೇವೆ. ತಮ್ಮ ಊಟದ ಪಯಣವನ್ನು ಪ್ರಾರಂಭಿಸುವ ಮುನ್ನ..."

ತಲೆಯೆತ್ತಿ ಗುರುಗಳ ಕಡೆ ನೋಡಿದ. ಗುರುಗಳು ಬಹಳ ಗಂಭೀರವಾಗಿ ಹೊಳೆಯ ಕಡೆ ನೋಡುತ್ತಿದ್ದರು.

ಆಮೇಲೆ ಅಡುಗೆ ಮಾಡಿದವರ ಪರಿಚಯ ಬಂತು. ಅದರ ನಡುವೆ, ಏಳನೆಯ ಸಾಲಿನಲ್ಲಿ, ಬೇಕಾದ ಮಾತು ಸಿಕ್ಕಿತು.

"ಊಟ ನಿನ್ನ ಬೆನ್ನ ಹಿಂದಿನ ಗೂಡಿನಲ್ಲಿದೆ."

ಇಂದುಧರ ತಿರುಗಿದ. ಬೆಳಗಿನಿಂದ ಒರಗಿ ಕುಳಿತಿದ್ದ ಗೋಡೆಯ ಗೂಡಿನಲ್ಲಿ, ತಟ್ಟೆ ಮುಚ್ಚಿದ ಬಟ್ಟಲಲ್ಲಿ, ರಾಗಿ ಮುದ್ದೆ ಮತ್ತು ಅವರೆಕಾಳಿನ ಸಾರು. ಎರಡೂ ತಣ್ಣಗಾಗಿದ್ದವು.

ಸಂಜೆ ಗುರುಗಳು ಮೌನ ಬಿಟ್ಟರು.

"ಕೋಪ ಬಂತಾ?"

"ಬಂತು ಗುರುಗಳೇ."

"ಯಾರ ಮೇಲೆ?"

"ಮೊದಲು ನಿಮ್ಮ ಮೇಲೆ. ಆಮೇಲೆ ಅದನ್ನ ಬರೆದವನ ಮೇಲೆ. ಅಂದ್ರೆ ನನ್ನ ಮೇಲೇ."

"ನಿನಗೆ ಬೈಯೋಕೆ ಇಬ್ಬರು ಸಿಕ್ಕಿದರು. ದೇವೀರಮ್ಮ ಯಾರನ್ನ ಬೈದುಕೊಂಡಳು?"

ಇಂದುಧರ ತಲೆ ತಗ್ಗಿಸಿದ.

"ತನ್ನನ್ನ ತಾನೇ ಬೈದುಕೊಂಡಳು."

ಗುರುಗಳು ಮಂಡಿ ಹಿಡಿದುಕೊಂಡು ಎದ್ದು ಒಳಗೆ ಹೋದರು.

ಇಂದುಧರ ಮಾರನೆಯ ದಿನ ಬೆಳಗಾಗುತ್ತಲೇ ಕೆಲಸಕ್ಕೆ ಕುಳಿತ. ಇತಿಹಾಸ ಕಿತ್ತು ಹಾಕಿದ. ಪರಿಚಯ, ಸೂಚನೆ ಕಿತ್ತು ಹಾಕಿದ. ಒತ್ತಕ್ಷರ ಇರುವ ಪದಗಳನ್ನೆಲ್ಲ ಹುಡುಕಿ ತೆಗೆದ. ಆರು ಪರದೆ ಹೋಗಿ ಒಂದು ಉಳಿಯಿತು. ಅದರಲ್ಲಿ ಮೂರೇ ಸಾಲು.

"ಭಯ ಬೇಡ. ಇದು ತುಂಬ ಸುಲಭ. ಮುಂದೆ ಹೋಗಿ."

ಇನ್ನು ಇದಕ್ಕಿಂತ ಚಿಕ್ಕದು ಮಾಡುವವರು ಯಾರೂ ಇಲ್ಲ ಅನ್ನಿಸಿತು. ಗುರುಗಳ ಮುಂದೆ ಹಿಡಿದ.

"ನನಗ್ಯಾಕೆ ತೋರಿಸ್ತೀಯ? ನನಗೆ ಓದೋಕೆ ಬರುತ್ತೆ," ಅಂದರು ಗುರುಗಳು. "ಹಾಲು ಬರೋ ಹೊತ್ತಾಯ್ತು, ನೋಡು."

ದೇವೀರಮ್ಮ ಬಂದಳು. ಹಾಲಿನ ಪಾತ್ರೆ ಇಳಿಸಿ, ಬೇಡ ಬೇಡ ಎನ್ನುತ್ತಲೇ ಫೋನು ಕೈಗೆ ತೆಗೆದುಕೊಂಡಳು. ಒಂದೊಂದು ಅಕ್ಷರದ ಕೆಳಗೂ ತೋರುಬೆರಳಿಟ್ಟು ಸರಿಸಿದಳು.

"ಭ... ಯ... ಬೇ... ಡ." ತಲೆಯೆತ್ತಿದಳು. "ಭಯ ಪಡೋ ಅಂಥದ್ದು ಏನದೆ ಇದ್ರಲ್ಲಿ?"

"ಏನೂ ಇಲ್ಲ ದೇವೀರಕ್ಕ. ಮುಂದೆ ಓದಿ."

"ಇ... ದು... ತುಂ... ಬ... ಸು... ಸು... ಲ..."

ಬೆರಳು ಅಲ್ಲೇ ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಬಂತು. ಹಣೆಯಲ್ಲಿ ಗೆರೆ ಮೂಡಿತು. ಕೊನೆಗೆ ಪದ ಕೂಡಿತು. ಕೂಡಿದ ಮೇಲೆ ಅವಳ ಮುಖ ಸಪ್ಪಗಾಯಿತು.

"ಸುಲ್ಭ ಅಂತ ಬರದವ್ರೆ. ಸುಲ್ಭ ಅನ್ನದೇ ನಂಗೆ ಇಷ್ಟೊತ್ತು ಹಿಡೀತು. ಇನ್ನು ಕಷ್ಟದ್ದ ಎಂಗಪ್ಪ ಓದ್ಲಿ?"

ಫೋನು ಜಗಲಿಯ ಮೇಲಿಟ್ಟಳು. ಸೆರಗು ಸರಿಮಾಡಿಕೊಂಡು ಹೊರಟೇಬಿಟ್ಟಳು.

ಇಂದುಧರನಿಗೆ ಅಳು ಬರುವಂತಾಯಿತು. ಸಹಾಯ ಮಾಡಲು ಹೋಗಿ ಎರಡು ಸಲ ಅವಳನ್ನು ನೋಯಿಸಿದ್ದ.

"ಗುರುಗಳೇ, ಧೈರ್ಯ ಬರಲಿ ಅಂತ ಬರೆದೆ."

"ಸುಲಭ ಅನ್ನೋ ಮಾತು ಯಾರದು?"

"ನನ್ನದು."

"ನಿನ್ನದಲ್ಲ. ಅದು ಅವಳು ಹೇಳಬೇಕಾದ ಮಾತು. ನೀನು ಅವಳ ಬಾಯಿಂದ ಕಿತ್ತುಕೊಂಡು ಮೊದಲೇ ಹೇಳಿಬಿಟ್ಟೆ."

"ಮತ್ತೆ ಏನೂ ಬರೀದೆ ಖಾಲಿ ಬಿಡ್ಲಾ?"

"ಬಂದವರನ್ನ ಖಾಲಿ ಕೈಯಲ್ಲಿ ಕೂರಿಸ್ತೀಯಾ?"

"ಬರೆದರೂ ತಪ್ಪು, ಬಿಟ್ಟರೂ ತಪ್ಪು ಅಂದ್ರೆ ನಾನೇನು ಮಾಡ್ಲಿ?" ಇಂದುಧರನ ದನಿ ಏರಿತು. "ನಲವತ್ತು ವರ್ಷ ಆ ಮರದ ಕೆಳಗೆ ಕಲಿಸಿದ್ರಲ್ಲ, ಹೊಸಬರು ಬಂದಾಗ ಮೊದಲು ಏನು ಹೇಳ್ತಿದ್ರಿ? ಅದನ್ನಾದರೂ ಹೇಳಿ."

"ಹೇಳಿದವನನ್ನ ಕೇಳಿದರೆ ಏನು ಗೊತ್ತಾಗುತ್ತೆ? ಕೇಳಿದವರನ್ನ ಕೇಳು."

ಶನಿವಾರ ಇಂದುಧರ ನಡೆದೇ ದೇವೀರಮ್ಮನ ಮನೆಗೆ ಹೋದ. ಮುಖ ಕೊಟ್ಟು ಮಾತಾಡುತ್ತಾಳೋ ಇಲ್ಲವೋ ಎಂಬ ಅಳುಕಿತ್ತು. ಬೈದರೆ ಬೈಸಿಕೊಳ್ಳುವುದು, ಕೇಳದೆ ಮಾತ್ರ ಬರುವುದಿಲ್ಲ ಎಂದು ಗಟ್ಟಿ ಮಾಡಿಕೊಂಡಿದ್ದ.

ದೇವೀರಮ್ಮ ಬೈಯಲಿಲ್ಲ. ಕೂರಿಸಿ, ಒಳಗಿನಿಂದ ಒಂದು ಲೋಟ ನೀರು, ಒಂದು ಚೂರು ಬೆಲ್ಲ ತಂದು ಮುಂದಿಟ್ಟಳು. ಆಮೇಲೆ ತಾನೂ ಕುಳಿತಳು.

"ದೇವೀರಕ್ಕ, ನಿಮಗೆ ಅಕ್ಷರ ಕಲಿಸಿದ್ದು ಯಾರು?"

"ಬುದ್ಧಿಯೋರೇ ಕನಪ್ಪ. ಮದ್ವೆಯಾದ ಹೊಸದ್ರಲ್ಲಿ ಹದಿನೈದು ದಿನ ಹೋಗಿದ್ದೆ ಮರದ ತಾವ್ಕೆ. ಅಕ್ಸರೆಲ್ಲ ಬಂದೊ. ಕೂಡ್ಸಿ ಓದೋದ ಕಲಿಯೋ ಹೊತ್ಗೆ ಬಸ್ರಿ ಆದೆ. ಅಲ್ಲಿಗೆ ನಿಂತೋಯ್ತು."

"ಮೊದಲ ದಿನ ಗುರುಗಳು ನಿಮಗೆ ಏನು ಹೇಳಿದ್ರು?"

"ಏನೂ ಹೇಳ್ನಿಲ್ಲ."

"ಏನೂ ಇಲ್ವಾ?"

ದೇವೀರಮ್ಮ ಸ್ವಲ್ಪ ಹೊತ್ತು ಯೋಚಿಸಿದಳು. ನೆನಪಾದ ಹಾಗೆ ಮುಖದ ಬಿಗಿ ಸಡಿಲಿತು.

"ಹೆದ್ರಿ ಮರದ ಮರೇಲೆ ನಿಂತ್ಕೊಂಡಿದ್ದೆ. ಬಾ ಅಂತ್ಲೂ ಅನ್ನಿಲ್ಲ ಬುದ್ಧಿಯೋರು. ಕೈಗೆ ಒಂದು ಉಂಡೆ ಬೆಲ್ಲ ಕೊಟ್ರು, ಒಂದು ಚೊಂಬು ನೀರು ಕೊಟ್ರು. ಎತ್ತಿ ಕುಡ್ದೆ. ‘ಆ ಚೊಂಬಿನ ಮೇಲೆ ಏನು ಕೊರದದೆ ಗೊತ್ತಾ’ ಅಂದ್ರು. ನಂಗೇನು ಗೊತ್ತು? ಒಳಗೆ ನೀರದೆ, ಮೇಲೆ ಇನ್ನೇನು ಬರ್ದಿರ್ತರೆ ಅಂತ, ನೀರು ಅಂದೆ."

"ಆಮೇಲೆ?"

"‘ಓದ್ಬುಟ್ಟಲ್ಲವ್ವ’ ಅಂದ್ರು."

ದೇವೀರಮ್ಮ ನಕ್ಕಳು.

"ಅವತ್ತು ಮನೆಗಂಟ ನೀರು ನೀರು ಅನ್ಕೊಂಡೇ ಬಂದೆ. ಓದ್ಬುಟ್ಟೆ ಅಂತ ಅತ್ತೆಗೂ ಹೇಳ್ದೆ. ಅವ್ರು ನಂಬ್ನಿಲ್ಲ."

ಇಂದುಧರ ಬೆಲ್ಲ ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಕೈಮುಗಿದು ಎದ್ದ. ದಾರಿಯ ಅರ್ಧ ಓಡಿಯೇ ಬಂದ.

ಆ ಚೊಂಬು ಅಡುಗೆ ಕೋಣೆಯ ಗೂಡಿನಲ್ಲೇ ಇತ್ತು. ಮೂರು ವರ್ಷದಿಂದ ಅದನ್ನು ಹುಣಿಸೆಹಣ್ಣು ಹಾಕಿ ಉಜ್ಜಿದವನು ಇವನೇ. ಮನೆಮನೆಯ ಪಾತ್ರೆಯ ಮೇಲೂ ಹೆಸರು ಕೊರೆಸುತ್ತಾರಲ್ಲ, ಹಾಗೆ ಯಾರೋ ದಾನಿಗಳ ಹೆಸರು ಇರಬೇಕು ಎಂದುಕೊಂಡು ಒಮ್ಮೆಯೂ ನೋಡಿರಲಿಲ್ಲ. ಈಗ ಕಿಟಕಿಯ ಬೆಳಕಿಗೆ ಹಿಡಿದ. ಸವೆದುಹೋದ ಎರಡು ಅಕ್ಷರ ಕಂಡವು.

ನೀರು.

ಇಂದುಧರ ಚೊಂಬು ಹಿಡಿದು ಜಗಲಿಗೆ ಬಂದ. ಗುರುಗಳು ಕಣ್ಣು ಮುಚ್ಚಿ ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಿದ್ದರು.

"ಗುರುಗಳೇ, ಇದನ್ನ ಬುಧವಾರವೇ ನನ್ನ ಕೈಗೆ ಕೊಡಬಹುದಿತ್ತು."

"ದಿನಾ ನಿನ್ನ ಕೈಯಲ್ಲೇ ಇತ್ತಲ್ಲಪ್ಪ," ಅಂದರು ಗುರುಗಳು, ಕಣ್ಣು ತೆರೆಯದೆ.

ಆ ದಿನದ ಉಳಿದ ಹೊತ್ತೆಲ್ಲ ಇಂದುಧರ ಅಲ್ಲಾಡಲಿಲ್ಲ. ಮೂರು ಸಾಲನ್ನೂ ಅಳಿಸಿದ. ಪೇಟೆಯ ಗೆಳೆಯನಿಗೆ ಫೋನು ಮಾಡಿ ಒಂದೇ ಒಂದು ಬದಲಾವಣೆ ಕೇಳಿದ. ಮುಂದೆ ಹೋಗುವ ಗುಂಡಿ ಬೇಡ, ಅಕ್ಷರದ ಕೆಳಗೆ ಬೆರಳು ಸರಿದರೆ ಸಾಕು, ಪರದೆ ತಾನೇ ಮುಂದಕ್ಕೆ ಹೋಗಬೇಕು.

"ಎಲ್ಲರೂ ಗುಂಡಿ ಇಡ್ತಾರೆ ಕಣೋ," ಅಂದ ಗೆಳೆಯ.

"ಎಲ್ಲರೂ ಇಡಲಿ. ದೇವೀರಕ್ಕ ಬೆರಳಿಟ್ಟು ಓದ್ತಾರೆ."

ಭಾನುವಾರ ಬೆಳಿಗ್ಗೆ ದೇವೀರಮ್ಮ ಹಾಲು ತಂದಳು. ಇಂದುಧರ ಅವಳಿಗೆ ಏನನ್ನೂ ವಿವರಿಸಲಿಲ್ಲ. ಒಂದು ಚೂರು ಬೆಲ್ಲ ಕೊಟ್ಟು, ಫೋನನ್ನು ಅವಳ ಮುಂದಿಟ್ಟ.

ಪರದೆಯ ಮೇಲೆ ಒಂದು ಚೊಂಬಿನ ಚಿತ್ರ. ಅದರ ಕೆಳಗೆ ದೊಡ್ಡದಾಗಿ ಒಂದೇ ಪದ.

ದೇವೀರಮ್ಮ ಸುಮ್ಮನೆ ನೋಡಿದಳು. ಒಂದು ಕ್ಷಣ, ಎರಡು ಕ್ಷಣ. ಇಂದುಧರನಿಗೆ ತಡೆಯಲಾಗಲಿಲ್ಲ. ಏನೋ ಹೇಳಲು ಬಾಯಿ ತೆರೆದ. ಗುರುಗಳು ಅವನ ಮಣಿಕಟ್ಟು ಹಿಡಿದರು.

ದೇವೀರಮ್ಮನ ಬೆರಳು ಅಕ್ಷರದ ಕೆಳಗೆ ಬಂತು.

"ನೀ... ರು." ಅವಳ ಕಣ್ಣು ಚೊಂಬಿನ ಮೇಲೆ ನೆಟ್ಟಿತು. "ನೀರು! ಬುದ್ಧೀ, ಇದು ಆ ಚೊಂಬಲ್ವ?"

ಗುರುಗಳು ಹೌದೆಂದು ತಲೆಯಾಡಿಸಿದರು. ಅಷ್ಟರಲ್ಲಿ ಬೆರಳಿಗೆ ಪರದೆ ಸರಿದಿತ್ತು.

"ಓ... ದಿ... ದಿ... ರಿ. ಓದಿದಿರಿ." ಒಮ್ಮೆ ಸುತ್ತ ನೋಡಿದಳು, ಆ ಮಾತು ಬೇರೆ ಯಾರಿಗೋ ಹೇಳಿದ್ದೇನೋ ಎಂಬಂತೆ. ಮತ್ತೆ ಬಗ್ಗಿದಳು.

ಮುಂದಿನ ಪರದೆಯಲ್ಲಿ ಒಂದು ಮನೆಯ ಚಿತ್ರ.

"ಮ... ನೆ. ಮನೆ."

ಅದರ ಮುಂದಿನ ಪರದೆಯಲ್ಲಿ ಚಿತ್ರವಿರಲಿಲ್ಲ. ಬರೀ ಎರಡು ಪದ. ಬೆರಳು ನಿಧಾನವಾಗಿ ಸರಿಯಿತು.

"ಮ... ನೆ... ಗೆ... ನೀ... ರು."

ಬೆರಳು ನಿಂತಿತು.

"ಮನೆಗೆ ನೀರು," ಅಂದಳು ದೇವೀರಮ್ಮ. ಈ ಸಲ ತಡವರಿಸಲಿಲ್ಲ.

ಅವಳ ಕಣ್ಣು ತುಂಬಿತ್ತು. ಸೆರಗಿನಿಂದ ಒರೆಸಿಕೊಂಡಳು.

"ಆ ಕಾಗ್ದದಲ್ಲೂ ಇದೇ ಬರ್ದಿತ್ತೇನಪ್ಪ?"

"ಆಮೇಲೆ ನಾನು ನೋಡಿದ್ದೆ ದೇವೀರಕ್ಕ, ಇದೇ ಪದಗಳಿದ್ದವು. ಜೊತೆಗೆ ಇನ್ನಷ್ಟು ಇದ್ದವು."

"ಇಷ್ಟೇನಾ? ಇದು ಸುಲ್ಭ ಕನಪ್ಪ!" ಅಂದಳು. ದನಿಯಲ್ಲಿ ಸಿಟ್ಟೂ ಇತ್ತು, ಖುಷಿಯೂ ಇತ್ತು. "ಬರೋ ಮೀಟಿಂಗ್ನಲ್ಲಿ ಕಾಗ್ದ ನಾನೇ ಓದದು. ಬೈಗಾಗ್ಲಿ, ಎಲ್ಲ ಕಾಯ್ಕೊಂಡು ಕೂತಿರ್ಲಿ. ಓದ್ದೆ ಸಹಿ ಹಾಕಕಿಲ್ಲ."

ಮತ್ತೆ ಫೋನಿನ ಮೇಲೆ ಬಗ್ಗಿದಳು. ತಂದ ಹಾಲು ಪಾತ್ರೆಯಲ್ಲೇ ಇತ್ತು. ಇನ್ನೂ ನಾಲ್ಕು ಮನೆಗೆ ಹಾಕುವುದಿತ್ತು. ಅದು ಅವಳಿಗೆ ನೆನಪಿರಲಿಲ್ಲ. ಬೆರಳು ಸರಿಯುತ್ತಿತ್ತು, ತುಟಿ ಅಲ್ಲಾಡುತ್ತಿತ್ತು.

ಇಂದುಧರನಿಗೆ ಎದೆ ತುಂಬಿ ಬಂದಿತ್ತು. ಆದರೂ ಒಂದು ಚಿಂತೆ ಉಳಿದಿತ್ತು. ಗುರುಗಳ ಪಕ್ಕಕ್ಕೆ ಸರಿದ.

"ಗುರುಗಳೇ, ನಾಳೆ ಹನ್ನೆರಡು ಹಳ್ಳಿಗೆ ಹೋಗುತ್ತೆ ಇದು. ಸ್ವಾಗತ ಅಂತ ಎಲ್ಲೂ ಇಲ್ಲ. ಆಶ್ರಮದ ಹೆಸರಿಲ್ಲ. ನಿಮ್ಮ ಹೆಸರೂ ಇಲ್ಲ. ಒಂದು ಸಾಲಾದರೂ ಎಲ್ಲಾದರೂ..."

ಗುರುಗಳು ತುಟಿಯ ಮೇಲೆ ಬೆರಳಿಟ್ಟರು.

"ಸದ್ದು ಮಾಡಬೇಡ. ದೇವೀರಮ್ಮ ಓದ್ತಾ ಇದ್ದಾಳೆ."